ಅರ್ಧ ವೈಫೈ ಲ್ಯಾಪ್‌ಟಾಪ್ ಒಳಗಿದೆ

"ಹೊಸ ರೌಟರ್ ಹಾಕ್ಸಿದ್ವಿ, ಆದ್ರೂ ಲ್ಯಾಪ್‌ಟಾಪ್ ಸ್ಪೀಡು ಅಷ್ಟೇ." ಸಿಡ್ನಿಯ ಕನ್ನಡದವರ ಮನೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಡಬ್ಬದ ಮೇಲೆ ದೊಡ್ಡ ಸಂಖ್ಯೆ, ಜೇಡರ ಹುಳುವಿನ ಕಾಲಿನ ಹಾಗೆ ಎದ್ದು ನಿಂತ ಆಂಟೆನಾಗಳು, ಮುನ್ನೂರು ಡಾಲರ್ ಬಿಲ್ಲು. ಭಾನುವಾರ ಮೈಸೂರಿಗೆ ವಿಡಿಯೋ ಕಾಲ್ ಮಾಡಿದ್ರೆ ಅಜ್ಜಿಯ ಮುಖ ಮಾತ್ರ ಮೊದಲಿನ ಹಾಗೇ ಚೌಕ ಚೌಕ.

ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ಉತ್ತರ ವೈಫೈ ಬೆಳೆದು ಬಂದ ಕತೆಯಲ್ಲೇ ಇದೆ. ವೈಫೈ ಅಂದ್ರೆ ಎರಡು ರೇಡಿಯೋಗಳ ಮಾತುಕತೆ. ಒಂದು ರೇಡಿಯೋ ರೌಟರ್‌ನಲ್ಲಿ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ. ಇಬ್ಬರಿಗೂ ಗೊತ್ತಿರೋ ಭಾಷೆಯಲ್ಲಿ ಮಾತ್ರ ಮಾತು ನಡೆಯುತ್ತೆ. ನಿಮ್ಮ ತಾತನಿಗೆ ಹಳಗನ್ನಡ ಕಂಠಪಾಠ ಇರಬಹುದು. ಎದುರಿಗೆ ಕೂತ ಮೊಮ್ಮಗನಿಗೆ "ಊಟ ಆಯ್ತಾ" ಅಷ್ಟೇ ಗೊತ್ತಿದ್ರೆ ಮಾತು ಊಟಕ್ಕೇ ನಿಲ್ಲುತ್ತೆ. ತಾತನನ್ನು ಇನ್ನೂ ಪಂಡಿತನನ್ನಾಗಿ ಮಾಡಿ ಪ್ರಯೋಜನ ಇಲ್ಲ.

ಕತೆ ಶುರುವಾಗೋದು 1985ರ ಮೇ ತಿಂಗಳಲ್ಲಿ, ಅಮೆರಿಕದಲ್ಲಿ. ಆಗ ರೇಡಿಯೋ ತರಂಗ ಬಳಸಬೇಕಾದ್ರೆ ಸಾಮಾನ್ಯವಾಗಿ ಸರ್ಕಾರದ ಲೈಸೆನ್ಸ್ ಬೇಕು. ನಮ್ಮೂರಿನ ಹಿರಿಯರನ್ನು ಕೇಳಿ: ಭಾರತದಲ್ಲಿ ಬರೀ ಹಾಡು, ವಾರ್ತೆ ಕೇಳೋ ರೇಡಿಯೋಗೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಿ, ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಅಂಥ ಕಾಲದಲ್ಲಿ ಅಮೆರಿಕದ ಎಫ್‌ಸಿಸಿ ಮೂರು ತರಂಗಪಟ್ಟಿಗಳನ್ನು ಲೈಸೆನ್ಸ್ ಇಲ್ಲದ ಸಂವಹನಕ್ಕೆ ಬಿಟ್ಟುಕೊಟ್ಟಿತು. ಅದಕ್ಕಾಗಿ ಓಡಾಡಿದ ಎಂಜಿನಿಯರ್ ಮೈಕೆಲ್ ಮಾರ್ಕಸ್. ಬಿಟ್ಟುಕೊಟ್ಟದ್ದೇನೂ ಒಳ್ಳೆ ಜಾಗ ಅಲ್ಲ. 2.4 ಗಿಗಾಹರ್ಟ್ಸ್ ಪಟ್ಟಿ ಮೈಕ್ರೋವೇವ್ ಒಲೆಗಳು ಗದ್ದಲ ಮಾಡೋ ಜಾಗ. ಬೆಲೆ ಇಲ್ಲ ಅಂತಲೇ ಯಾರೂ ಜಗಳಕ್ಕೆ ಬರಲಿಲ್ಲ. ಊರಾಚೆ ಬಿದ್ದಿದ್ದ ಗೋಮಾಳದ ಹಾಗೆ. ಇವತ್ತಿಗೂ ಅಡುಗೆಮನೆಯಲ್ಲಿ ಸಾರು ಬಿಸಿ ಮಾಡುವಾಗ ಹಳೇ ಲ್ಯಾಪ್‌ಟಾಪಿನ ಕಾಲ್ ತೊದಲಿದ್ರೆ, ಅದರ ಬೇರು ಈ 1985ರ ತೀರ್ಮಾನದಲ್ಲಿದೆ.

ಈ ಗೋಮಾಳಕ್ಕೆ ಮೊದಲು ಇಳಿದವರಲ್ಲಿ ಕ್ಯಾಶ್ ರಿಜಿಸ್ಟರ್ ಮಾಡೋ ಎನ್‌ಸಿಆರ್ ಕಂಪನಿಯೂ ಒಂದು. ಅಂಗಡಿಯವರು ಕೌಂಟರ್ ಜಾಗ ಬದಲಿಸಿದಾಗಲೆಲ್ಲ ಹೊಸದಾಗಿ ವೈರ್ ಎಳೀಬೇಕಿತ್ತು, ಅದನ್ನು ತಪ್ಪಿಸೋದು ಅವರ ಗುರಿ. ನೆದರ್‌ಲ್ಯಾಂಡ್ಸ್‌ನಲ್ಲಿದ್ದ ಅವರ ತಂಡ ವೇವ್‌ಲ್ಯಾನ್ ಅನ್ನೋ ಉಪಕರಣ ಮಾಡಿತು. ಆದ್ರೆ ಒಂದು ಕಂಪನಿಯ ರೇಡಿಯೋ ಇನ್ನೊಂದರ ಜೊತೆ ಮಾತಾಡ್ತಿರಲಿಲ್ಲ. ಹಾಗಾಗಿ ಐಇಇಇ ಸಂಸ್ಥೆಯಲ್ಲಿ 802.11 ಅನ್ನೋ ಸಮಿತಿ ಕೂತಿತು. ಅದೇ ತಂಡದ ವಿಕ್ ಹೇಯ್ಸ್ ಹತ್ತು ವರ್ಷ ಅದರ ಅಧ್ಯಕ್ಷರಾಗಿದ್ದರು. 1997ರಲ್ಲಿ ಮೊದಲ ಮಾನದಂಡ ಬಂತು: ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್. 1999ರಲ್ಲಿ ಬಂದ 802.11ಬಿ ಅದನ್ನು 11ಕ್ಕೆ ಏರಿಸಿತು.

(ನಟಿ ಹೆಡಿ ಲಮಾರ್ ವೈಫೈ ಕಂಡುಹಿಡಿದಳು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ, ಅದನ್ನು ಅರ್ಧ ನಂಬಿ. 1942ರಲ್ಲಿ ತರಂಗ ಜಿಗಿತದ ಪೇಟೆಂಟ್ ಆಕೆಗೂ ಸಂಗೀತಗಾರ ಜಾರ್ಜ್ ಆಂಥೈಲ್‌ಗೂ ಸಿಕ್ಕಿದ್ದು ನಿಜ. ಇವತ್ತಿನ ನಿಮ್ಮ ಮನೆಯ ವೈಫೈ ಆ ಉಪಾಯದಿಂದ ನಡೆಯಲ್ಲ.)

1999ರ ಜುಲೈನಲ್ಲಿ ನ್ಯೂಯಾರ್ಕಿನ ವೇದಿಕೆ ಮೇಲೆ ಸ್ಟೀವ್ ಜಾಬ್ಸ್ ಐಬುಕ್ ಲ್ಯಾಪ್‌ಟಾಪನ್ನು ಕೈಯಲ್ಲಿ ಎತ್ತಿ ಹಿಡಿದು, ವೈರ್ ಇಲ್ಲ ಅಂತ ತೋರಿಸೋಕೆ ಒಂದು ಹುಲಾ ಹೂಪ್ ಬಳೆಯೊಳಗೆ ತೂರಿಸಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮುಖ್ಯ ಅನ್ನಿಸೋದು ಬೆಲೆಪಟ್ಟಿ. ಮನೆಯಲ್ಲಿಡೋ ಏರ್‌ಪೋರ್ಟ್ ಪೆಟ್ಟಿಗೆ 299 ಡಾಲರ್. ಲ್ಯಾಪ್‌ಟಾಪ್ ಒಳಗೆ ಹಾಕೋ ಕಾರ್ಡ್ ಬೇರೆ 99 ಡಾಲರ್. ಎರಡಕ್ಕೂ ದುಡ್ಡು ಕೊಟ್ಟವನಿಗೆ ವೈಫೈಗೆ ಎರಡು ತುದಿ ಇದೆ ಅಂತ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆ ತಿಳಿವಳಿಕೆ ಮರೆಯಾಗೋಕೆ ಶುರುವಾಗಿದ್ದು 2003ರ ಮಾರ್ಚ್‌ನಲ್ಲಿ, ಇಂಟೆಲ್‌ನ ಸೆಂಟ್ರಿನೋ ಬಂದಾಗ. ಪ್ರೊಸೆಸರ್, ಚಿಪ್‌ಸೆಟ್, ವೈಫೈ ಕಾರ್ಡ್ ಮೂರೂ ಸೇರಿದ್ರೆ ಮಾತ್ರ ಲ್ಯಾಪ್‌ಟಾಪ್ ಮೇಲೆ ಸೆಂಟ್ರಿನೋ ಚೀಟಿ. ಅನುಕೂಲ ದೊಡ್ಡದು, ವೈಫೈ ಹರಡಿದ್ದೂ ಹಾಗೇ. ಆದ್ರೆ ಆ ಮೊದಲ ಸೆಂಟ್ರಿನೋದ ಕಾರ್ಡ್‌ಗೆ ಗೊತ್ತಿದ್ದದ್ದು 802.11ಬಿ ಮಾತ್ರ, ಅಂದ್ರೆ 11 ಮೆಗಾಬಿಟ್. ಮೂರೇ ತಿಂಗಳಲ್ಲಿ, ಜೂನ್‌ನಲ್ಲಿ, 54 ಮೆಗಾಬಿಟ್‌ನ 802.11ಜಿ ಅಧಿಕೃತವಾಯ್ತು. ಹೊಸ ಜಿ ರೌಟರ್ ತಂದವರ ಹೊಚ್ಚಹೊಸ ಲ್ಯಾಪ್‌ಟಾಪ್ 11ರಲ್ಲೇ ಉಳೀತು. ಕಾರ್ಡ್ ಕಣ್ಣಿಗೆ ಕಾಣಲ್ಲವಾದ್ರಿಂದ ದೂರು ಎಲ್ಲ ರೌಟರ್ ಮೇಲೆ. ಇಪ್ಪತ್ತು ವರ್ಷ ದಾಟಿದ್ರೂ ನಮ್ಮ ಮನೆಗಳಲ್ಲಿ ನಡೀತಿರೋದು ಇದೇ ಗೊಂದಲ.

ಇನ್ನೂ ಒಂದು ತೊಡಕಿತ್ತು. ಗಾಳಿ ಎಲ್ಲರಿಗೂ ಸೇರಿದ್ದು; ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಹಳೇ ಬಿ ಲ್ಯಾಪ್‌ಟಾಪ್ ಒಂದು ಮನೆಯಲ್ಲಿದ್ರೆ ಸಾಕು, ಅದಕ್ಕೆ ಅರ್ಥ ಆಗೋ ನಿಧಾನದ ಭಾಷೆಯಲ್ಲಿ "ಸ್ವಲ್ಪ ಸುಮ್ಮನಿರಿ, ನಾನು ಮಾತಾಡ್ತೀನಿ" ಅಂತ ಸಾರಿ ಆಮೇಲೆ ಜಿ ಉಪಕರಣಗಳು ಮಾತಾಡಬೇಕಿತ್ತು. ಮೆಲ್ಲಗೆ ಮಾತಾಡೋರು ಹೆಚ್ಚು ಹೊತ್ತು ಮೈಕ್ ಹಿಡೀತಾರೆ. ಈಗಿನ ಮನೆಗಳಲ್ಲೂ 2.4ರಲ್ಲಿ ಕೂತ ಹಳೇ ಉಪಕರಣ ಅದೇ ಪಟ್ಟಿಯಲ್ಲಿರೋರ ಸಮಯ ತಿನ್ನುತ್ತೆ. ಹಾಗಾಗಿ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸೋದು ಎಷ್ಟೋ ಸಲ ಹೊಸ ರೌಟರ್‌ಗಿಂತ ದೊಡ್ಡ ಲಾಭ.

ವೇಗ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ನಾನಿರೋ ಊರಿನದೇ ಒಂದು ಉತ್ತರ ಇದೆ. ಸಿಡ್ನಿಯ ಮಾರ್ಸ್‌ಫೀಲ್ಡ್‌ನಲ್ಲಿ ಸಿಎಸ್‌ಐಆರ್‌ಒದ ರೇಡಿಯೋ ಪ್ರಯೋಗಾಲಯ. ಅಲ್ಲಿ ಜಾನ್ ಓಸಲಿವನ್ ಮತ್ತು ನಾಲ್ವರು ಸಹೋದ್ಯೋಗಿಗಳು ತೊಂಬತ್ತರ ದಶಕದ ಆರಂಭದಲ್ಲಿ ಹಿಡಿದದ್ದು ಕೋಣೆಯೊಳಗಿನ ಪ್ರತಿಧ್ವನಿಯ ಸಮಸ್ಯೆ. ರೇಡಿಯೋ ಅಲೆ ಗೋಡೆ, ಬೀರು, ಫ್ರಿಜ್ಜಿಗೆಲ್ಲ ಬಡಿದು ಹಲವು ದಾರಿಯಲ್ಲಿ ಬರುತ್ತೆ. ದೊಡ್ಡ ಕಲ್ಯಾಣ ಮಂಟಪದಲ್ಲಿ ಮೈಕಿನ ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಗೋ ಹಾಗೆ. ಓಸಲಿವನ್ ಎಪ್ಪತ್ತರ ದಶಕದಲ್ಲಿ ಸಿಡಿಯೋ ಪುಟಾಣಿ ಕಪ್ಪು ಕುಳಿಗಳ ರೇಡಿಯೋ ಸುಳಿವು ಹುಡುಕಿದವರು. ಕುಳಿ ಸಿಗಲಿಲ್ಲ, ಆದ್ರೆ ಕಲಸಿಹೋದ ಸಂಕೇತವನ್ನು ಬಿಡಿಸೋ ಗಣಿತ ಕೈಗೆ ಬಂದಿತ್ತು. ತಂಡದ ಉಪಾಯ: ಒಂದೇ ವೇಗದ ಹರಿವಿನ ಬದಲು, ಮಾಹಿತಿಯನ್ನು ಹಲವು ನಿಧಾನದ ಹರಿವುಗಳಾಗಿ ಹಂಚಿ ಒಟ್ಟಿಗೆ ಕಳಿಸೋದು. ಪ್ರತಿಯೊಂದೂ ನಿಧಾನ ಆದ್ದರಿಂದ ಪ್ರತಿಧ್ವನಿ ಕೆಡಿಸಲ್ಲ. ಅಮೆರಿಕದ ಪೇಟೆಂಟ್ 1996ರಲ್ಲಿ ಸಿಕ್ಕಿತು. ಆಮೇಲಿನ ಕೋರ್ಟು ವ್ಯವಹಾರಗಳಲ್ಲಿ ಸಂಸ್ಥೆಗೆ 400 ಮಿಲಿಯನ್ ಡಾಲರ್‌ಗೂ ಹೆಚ್ಚು ಬಂತು. ಇಲ್ಲಿನ ಶಾಲೆಗಳಲ್ಲಿ "ವೈಫೈ ಆಸ್ಟ್ರೇಲಿಯಾದ್ದು" ಅಂತ ನಿಮ್ಮ ಮಕ್ಕಳು ಕಲಿತು ಬಂದಿದ್ರೆ, ಅದು ಸ್ವಲ್ಪ ಉಬ್ಬಿಸಿದ ಮಾತು. ಮೊದಲಿನ ವೈಫೈ ಇದಿಲ್ಲದೇ ನಡೆದಿತ್ತು. ವೇಗದ ವೈಫೈ ಇಂಥ ಉಪಾಯ ಇಲ್ಲದೆ ನಡೀತಿರಲಿಲ್ಲ.

ಇನ್ನೊಬ್ಬರು ಪ್ರತಿಧ್ವನಿಯನ್ನೇ ಕೆಲಸಕ್ಕೆ ಹಚ್ಚಿದರು. ತಮಿಳುನಾಡಿನ ಪೊಲ್ಲಾಚಿಯವರಾದ ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತದ ನೌಕಾಪಡೆಯಲ್ಲಿ ಸೋನಾರ್ ಕಟ್ಟಿದವರು, ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಸಿಎಐಆರ್‌ನ ಸ್ಥಾಪಕ ನಿರ್ದೇಶಕರು. ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋಗಿ, ಹಲವು ಆಂಟೆನಾಗಳಿಂದ ಒಂದೇ ಹೊತ್ತಿಗೆ ಬೇರೆ ಬೇರೆ ಮಾಹಿತಿ ಕಳಿಸಬಹುದು ಅಂತ ತೋರಿಸಿದರು. ಥಾಮಸ್ ಕೈಲಾತ್ ಜೊತೆಗಿನ ಪೇಟೆಂಟ್ 1994ರದ್ದು. ಅಲೆಗಳು ಬೇರೆ ಬೇರೆ ದಾರಿ ಹಿಡಿದು ಬರೋದ್ರಿಂದಲೇ ಅವನ್ನು ಬಿಡಿಸಬಹುದು. ಮೈಮೋ ಅಂತ ಹೆಸರಾದ ಈ ವಿದ್ಯೆ 2009ರ 802.11ಎನ್‌ನಲ್ಲಿ ಮನೆಗೆ ಬಂತು, ನಾಲ್ಕು ಹರಿವಿದ್ರೆ 600 ಮೆಗಾಬಿಟ್‌ವರೆಗೆ.

ಆ ಷರತ್ತು ಗಮನಿಸಿ: ನಾಲ್ಕು ಹರಿವು ಬೇಕಾದ್ರೆ ಎರಡೂ ತುದಿಯಲ್ಲಿ ನಾಲ್ಕು ಆಂಟೆನಾ ಬೇಕು. ಸಾಮಾನ್ಯ ಲ್ಯಾಪ್‌ಟಾಪಿನ ಪರದೆಯ ಅಂಚಿನಲ್ಲಿ ಎರಡೇ ಇರುತ್ತೆ. ಅಗ್ಗದ ಮಾಡೆಲ್‌ಗಳಲ್ಲಿ ಒಂದೇ, ಅದೂ 2.4ಕ್ಕೆ ಮಾತ್ರ, ಅಂಥದ್ದು ಮಾಮೂಲಿ ಚಾನೆಲ್‌ನಲ್ಲಿ 72 ಮೆಗಾಬಿಟ್ ದಾಟಲ್ಲ. ಈಗ ರೌಟರ್ ಡಬ್ಬದ ಮೇಲಿನ "ಎಸಿ 1900" ಅನ್ನೋ ಸಂಖ್ಯೆ ಬಿಡಿಸೋಣ. 2.4ರ 600, 5ರ 1300, ಎರಡನ್ನೂ ಕೂಡಿಸಿದ್ದು. ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿರುತ್ತೆ. ಎರಡು ಆಂಟೆನಾದ ವೈಫೈ 5 ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಸಿಗೋ ಗರಿಷ್ಠ 867, ಕೈಗೆ ಬರೋದು ಅದಕ್ಕಿಂತ ಸಾಕಷ್ಟು ಕಮ್ಮಿ. ಸುಳ್ಳು ಅಂತ ಹೇಳೋಕೆ ಬರಲ್ಲ, ಆದ್ರೆ ಮರ್ಯಾದೆಯ ಲೆಕ್ಕವಂತೂ ಅಲ್ಲ.

ಎನ್, ಎಸಿ, ಎಎಕ್ಸ್ ಅಂತ ಅಕ್ಷರಗಳ ಗೊಜ್ಜು ಸಾಕಾಗಿ 2018ರಲ್ಲಿ ವೈಫೈ ಅಲಯನ್ಸ್ ವೈಫೈ 4, 5, 6 ಅನ್ನೋ ಹೆಸರು ತಂದಿತು. ಒಳ್ಳೆ ಕೆಲಸ. ನಿಮ್ಮ ಲ್ಯಾಪ್‌ಟಾಪ್ ಎಷ್ಟನೆಯದು ಅಂತ ನೋಡೋದೂ ಸುಲಭ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ವೈಫೈ ಪ್ರಾಪರ್ಟೀಸ್ ತೆರೆದರೆ ಪ್ರೋಟೋಕಾಲ್, ಬ್ಯಾಂಡ್ ಎರಡೂ ಕಾಣುತ್ತೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಕೊಂಡು ವೈಫೈ ಚಿಹ್ನೆ ಕ್ಲಿಕ್ ಮಾಡಿ. ಆಮೇಲೆ ನಿಮ್ಮ ಇಂಟರ್ನೆಟ್ ಪ್ಲಾನ್ ಎಷ್ಟು ಅಂತ ಬಿಲ್ಲು ನೋಡಿ. ಪ್ಲಾನ್ 50 ಮೆಗಾಬಿಟ್ ಇದ್ದು, ರೌಟರ್ ಪಕ್ಕ ಕೂತಾಗ ಲ್ಯಾಪ್‌ಟಾಪಿಗೂ 50 ಬರ್ತಿದ್ರೆ, ಹೊಸ ರೌಟರ್‌ನಿಂದ ಆ ಸಂಖ್ಯೆ ಏರಲ್ಲ. ಪಕ್ಕದಲ್ಲಿ 50, ಮಹಡಿ ಮೇಲೆ 8 ಅಂದ್ರೆ ತೊಂದರೆ ರೌಟರ್ ಇಟ್ಟ ಜಾಗದ್ದು. ಎರಡೂ ಸರಿ ಇದ್ದೂ ಅಜ್ಜಿ ಮುಖ ಚೌಕ ಚೌಕವಾಗಿದ್ರೆ, ಮೈಸೂರಿನ ಮನೆಯ ರೌಟರ್ ಬೀರುವಿನ ಹಿಂದೆ ಇದೆಯಾ ಅಂತ ಕೇಳಿ.

ಲ್ಯಾಪ್‌ಟಾಪೇ ಹಳೆಯದಾಗಿದ್ರೆ ಬಿಸಾಕಬೇಕಾಗಿಲ್ಲ. ನಮ್ಮಮ್ಮ ಪ್ರತಿ ಸಲ ಬರುವಾಗ ತರೋ ಲ್ಯಾಪ್‌ಟಾಪ್‌ನಲ್ಲಿ ಹದಿನೈದು ವರ್ಷದ ಬರಹಗಳಿವೆ, ಎಲ್ಲ ನುಡಿಯಲ್ಲಿ ಟೈಪ್ ಮಾಡಿದ್ದು. ಹೊಸದು ಕೊಡಿಸ್ತೀನಿ ಅಂದ್ರೆ "ನನ್ನ ಬೆರಳಿಗೆ ಇದೇ ಗೊತ್ತಿರೋದು, ಸುಮ್ನಿರಪ್ಪಾ" ಅಂತಾರೆ. ಅದಕ್ಕೆ ಎರಡೂ ಪಟ್ಟಿ ಹಿಡಿಯೋ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಸಿಕ್ಕಿಸಿದೆವು. 1999ರ 99 ಡಾಲರ್ ಕಾರ್ಡಿನ ಇವತ್ತಿನ ರೂಪ ಅದೇ, ಬೆಲೆ ಅದರ ಮೂರನೇ ಒಂದು ಭಾಗ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಕಾರ್ಡನ್ನೇ ಸ್ಕ್ರೂ ಬಿಚ್ಚಿ ಬದಲಿಸಬಹುದು. ಹೊಸ ತೆಳು ಮಾಡೆಲ್‌ಗಳಲ್ಲಿ ಬೆಸುಗೆ ಹಾಕಿರ್ತಾರೆ, ಆಗಲ್ಲ.

ವೈಫೈ 6ಇ ಅಥವಾ 7 ರೌಟರ್ ಕೊಳ್ಳೋರಿಗೆ ಒಂದು ಮಾತು. ಇವುಗಳ ಹೊಸ ಬಯಲು 6 ಗಿಗಾಹರ್ಟ್ಸ್. ಅಮೆರಿಕ 2020ರಲ್ಲಿ 1200 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಒಟ್ಟಿಗೆ ತೆರೆಯಿತು; ಆಸ್ಟ್ರೇಲಿಯಾ 2022ರಲ್ಲಿ ಕೆಳಗಿನ 500 ಮೆಗಾಹರ್ಟ್ಸ್‌ನಿಂದ ಶುರುಮಾಡಿತು. ದೇಶದಿಂದ ದೇಶಕ್ಕೆ ನಿಯಮ ಬೇರೆ, ಆದ್ದರಿಂದ ಅಣ್ಣ ಅಮೆರಿಕದಿಂದ ತಂದ ರೌಟರ್ ಇಲ್ಲಿ ಹಾಕೋ ಮುಂಚೆ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಕಾರ್ಡ್ 6ಇ ಆಗಿದ್ರೂ ವಿಂಡೋಸ್ 10ರಲ್ಲಿ ಆ ಪಟ್ಟಿ ಕಾಣಲ್ಲ, ವಿಂಡೋಸ್ 11 ಬೇಕು. ಮತ್ತೆ 6ರ ಅಲೆ ಇಟ್ಟಿಗೆ ಗೋಡೆಗೆ 2.4ಕ್ಕಿಂತ ಬೇಗ ಸೋಲುತ್ತೆ. ಎರಡು ಗೋಡೆ ಆಚೆ ಕೂತು ಕೆಲಸ ಮಾಡೋರಿಗೆ ಹತ್ತು ಮೀಟರ್ ಕೇಬಲ್ ಎಳೆಯೋದೇ ವಾಸಿ.