ಅಲೆಯೂ ಬಂಡೆಯೂ

ಕಲ್ಲುದಡದ ಕಡಲಂಚಿನಲ್ಲಿ ನಿಂತವರಿಗೆ ಎರಡು ವಸ್ತುಗಳು ಏಕಕಾಲದಲ್ಲಿ ಕಾಣುತ್ತವೆ: ಕ್ಷಣವೂ ನಿಲ್ಲದ ಅಲೆ, ನೀರಿನ ನಡುವೆ ಕಂಬದಂತೆ ಒಂಟಿಯಾಗಿ ನಿಂತ ಬಂಡೆ. ಇವನ್ನು ಚಿತ್ರದಲ್ಲಿ ಹಿಡಿಯಲು ಮೊದಲ ಛಾಯಾಗ್ರಾಹಕರು ಪಟ್ಟ ಪಾಡೇ ಈ ಹೊತ್ತಿನ ಭಾಷಣದ ವಿಷಯ.

೧೮೩೯ರಲ್ಲಿ ಪ್ಯಾರಿಸಿನಲ್ಲಿ ದಾಗೇರನ ವಿಧಾನವು ಪ್ರಕಟವಾದಾಗ, ಫಲಕದ ಮೇಲೆ ಚಿತ್ರ ಮೂಡಲು ಹಲವು ನಿಮಿಷಗಳೇ ಬೇಕಾಗಿದ್ದುವು. ಬಂಡೆ ಅಷ್ಟು ಹೊತ್ತು ಕಾದೀತು, ಅಲೆ ಕಾಯುವುದುಂಟೆ? ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಆಂಗ್ಲೇಯನು, ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಕಾಲವೇನೋ ಸೆಕೆಂಡುಗಳಿಗೆ ಇಳಿಯಿತು; ಆದರೆ ಫಲಕ ಒಣಗುವ ಮುನ್ನ ಎಲ್ಲ ಕೆಲಸವೂ ಮುಗಿಯಬೇಕು. ಆದಕಾರಣ ದಡಕ್ಕೆ ಹೋಗುವವನು ಕತ್ತಲೆಯ ಡೇರೆಯನ್ನೂ ರಾಸಾಯನಿಕಗಳ ಸೀಸೆಗಳನ್ನೂ ಸಂಗಡ ಒಯ್ಯಬೇಕಾಯಿತು.

ಇನ್ನೊಂದು ತೊಡಕೂ ಇದ್ದಿತು. ಆ ಫಲಕವು ನೀಲಿ ಬೆಳಕನ್ನು ಅತಿಯಾಗಿ ಗ್ರಹಿಸುತ್ತಿತ್ತು. ಕಡಲು ಸರಿಯಾಗಿ ಮೂಡುವಷ್ಟು ಬೆಳಕು ಬಿಟ್ಟರೆ, ಆಕಾಶವು ಮೋಡಗಳೆಲ್ಲ ಅಳಿಸಿಹೋಗಿ ಬರಿಯ ಬಿಳಿಯ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಚಿತ್ರಕಲೆಯನ್ನು ಕಲಿತವನು. ಖಾಲಿ ಆಕಾಶವು ಅವನ ಕಣ್ಣಿಗೆ ಒಗ್ಗಲಿಲ್ಲ. ೧೮೫೬ರಿಂದ ೧೮೫೮ರವರೆಗೆ ತೆಗೆದ ಕಡಲ ಚಿತ್ರಗಳಲ್ಲಿ ಕೆಲವಕ್ಕೆ ಆಕಾಶಕ್ಕೊಂದು, ಕಡಲಿಗೊಂದು ಫಲಕವನ್ನು ಬೇರೆಬೇರೆಯಾಗಿ ತೆಗೆದು, ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚುಹಾಕಿದನು. ೧೮೫೭ರಲ್ಲಿ ಸೆತ್ ಬಂದರಿನ ಬಳಿ ತೆಗೆದ 'ಮಹಾತರಂಗ'ದಲ್ಲಿ ಉರುಳಿಬರುವ ಅಲೆಯೂ ತುಂಬಿದ ಮೋಡಗಳೂ ಒಟ್ಟಿಗೆ ನಿಂತುವು. ಇದು ವಂಚನೆಯೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಕಣ್ಣು ಕಂಡುದನ್ನು ಯಂತ್ರವು ಕಾಣಲಾರದೆ ಹೋದಾಗ, ಅವನು ಕಣ್ಣಿಗೆ ನ್ಯಾಯ ದೊರಕಿಸಿದನು.

ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸನ ದಾರಿ ಬೇರೆ. ೧೮೬೮-೬೯ರ ಸುಮಾರಿಗೆ ಸ್ಯಾನ್‌ಫ್ರಾನ್ಸಿಸ್ಕೋ ತೀರದಾಚೆಯ ಫ್ಯಾರಲಾನ್ ದ್ವೀಪಗಳಿಗೆ ಹೋಗಿ, 'ಸಕ್ಕರೆಯ ಅಚ್ಚು' ಎಂಬರ್ಥದ ಹೆಸರುಳ್ಳ ಕಡಲಬಂಡೆಗಳ ಚಿತ್ರವನ್ನು ತೆಗೆದನು. ಅವನ ದೊಡ್ಡ ಫಲಕಗಳ ಅಳತೆ ಸುಮಾರು ೧೮ ಅಂಗುಲಕ್ಕೆ ೨೨ ಅಂಗುಲ. ಅಲ್ಲಿ ಬಂಡೆಯ ಬಿರುಕುಬಿರುಕೂ ಸ್ಪಷ್ಟ. ಕಡಲು ಮಾತ್ರ ಮಂಜಿನಂತೆ ಕರಗಿದೆ. ಲ ಗ್ರೇ ಕ್ಷಣವನ್ನು ಹಿಡಿದನು. ಇವನು ಕ್ಷಣಗಳ ಸಾಲನ್ನೇ ಹಿಡಿದನು. ೧೯೦೬ರ ಭೂಕಂಪದ ಬೆಂಕಿಯಲ್ಲಿ ವಾಟ್ಕಿನ್ಸನ ಚಿತ್ರಶಾಲೆ ಸುಟ್ಟುಹೋಯಿತು. ಹೊರಗೆ ಹರಡಿದ್ದ ಕಾಗದದ ಪ್ರತಿಗಳು ಉಳಿದುವು.

ಆದರೆ ಬಂಡೆಯಾದರೂ ಸ್ಥಿರವೆ? ಅಲೆಗಳು ಕಡಿಬಂಡೆಯನ್ನು ಕೊರೆದಾಗ ಗುಹೆಯಾಗುತ್ತದೆ. ಗುಹೆ ಆಚೆಗೆ ತೂತಾದರೆ ಕಮಾನು. ಕಮಾನು ಕುಸಿದರೆ ಒಂಟಿ ಕಂಬ. ಕಡೆಗೆ ಕಂಬವೂ ನೀರುಪಾಲು. ಆಸ್ಟ್ರೇಲಿಯದ ವಿಕ್ಟೋರಿಯ ತೀರದಲ್ಲಿ, ಕ್ರಿಸ್ತನ ಹನ್ನೆರಡು ಶಿಷ್ಯರ ಹೆಸರು ಹೊತ್ತ ಸುಣ್ಣಕಲ್ಲಿನ ಕಂಬಗಳಲ್ಲೊಂದು ೨೦೦೫ರ ಜುಲೈ ತಿಂಗಳಲ್ಲಿ ಹಾಗೆಯೇ ಕುಸಿದುಬಿದ್ದಿತು. ಅದು ನಿಂತಿದ್ದಾಗಿನ ರೂಪವನ್ನು ಈಗ ಚಿತ್ರಗಳಲ್ಲಿ ಮಾತ್ರವೇ ನೋಡಬೇಕು.

ಆದುದರಿಂದ ಬಂಡೆಯೂ ಒಂದು ಅಲೆಯೇ. ಅದು ಒಡೆಯುವುದು ತಡವಾಗಿ, ಅಷ್ಟೆ. ಎರಡನ್ನೂ ಕಂಡು ದಾಖಲೆ ಮಾಡಿದ ಆ ಗಾಜಿನ ಫಲಕಗಳಿಗೆ ನಾವು ಋಣಿಗಳು.