ಪತ್ರಕಲೆಯ ಗುರು, ಸುಳ್ಳುಪತ್ರದ ಬಲಿ: ಬೀದರಿನಲ್ಲಿ ಮಹಮೂದ್ ಗವಾನರನ್ನು ಹುಡುಕುತ್ತಾ

ಬೀದರಿಗೆ ಹೋದವರು ಮೊದಲು ಕೋಟೆಯನ್ನೇ ನೋಡುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಕೆಂಪು ಜಂಬಿಟ್ಟಿಗೆಯ ಗೋಡೆಗಳು, ಬಂಡೆಯನ್ನೇ ಕಡಿದು ಮಾಡಿದ ಕಂದಕ, ರಂಗೀನ್ ಮಹಲಿನ ಕಪ್ಪುಕಲ್ಲಿನಲ್ಲಿ ಹೊಳೆಯುವ ಮುತ್ತಿನ ಚಿಪ್ಪಿನ ಕುಸುರಿ, ಸೋಲಹ್ ಖಂಬಾ ಮಸೀದಿಯ ದಪ್ಪ ಕಂಬಗಳ ಸಾಲು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಬೆಳೆದ ವೈಭವವಿದು. ಅರ್ಧ ದಿನ ಅಲ್ಲಿಯೇ ಕಳೆಯಿತು. ಆದರೆ ಮನೆಗೆ ಮರಳಿದ ಮೇಲೂ ನಮ್ಮನ್ನು ಬಿಡದೆ ಕಾಡಿದ್ದು ಕೋಟೆಯಲ್ಲ, ಹಳೆಯ ಪೇಟೆಯ ನಡುವೆ ನಿಂತಿರುವ ಒಂದು ಮುರುಕು ಕಟ್ಟಡ.

"ಇದು ಮದರಸಾನಾ ಅಬ್ಬಾ?" ಎಂದು ಮಗಳು ಕೇಳಿದಳು. ಅವಳಿಗೆ ಮದರಸಾ ಎಂದರೆ ಮಸೀದಿಯ ಪಕ್ಕದ ಒಂದು ಕೋಣೆ, ನೆಲದ ಮೇಲೊಂದು ಚಾಪೆ, ಬೆಳಗಿನ ಒಂದು ಗಂಟೆಯ ಪಾಠ. ಇಲ್ಲಿ ಅವಳ ಕಣ್ಣೆದುರಿಗೆ ಇದ್ದದ್ದು ಮೂರು ಅಂತಸ್ತಿನ ಭವನ, ಸುಮಾರು 100 ಅಡಿ ಎತ್ತರದ ಮಿನಾರ್, ಅಲ್ಲಲ್ಲಿ ಉಳಿದಿರುವ ನೀಲಿ, ಹಸಿರು, ಹಳದಿ ಹೆಂಚುಗಳ ಮೇಲೆ ಕುರ್‌ಆನ್ ವಚನಗಳ ಸುಂದರ ಲಿಪಿ. 1472ರಲ್ಲಿ ಪೂರ್ಣಗೊಂಡ ಈ ವಿದ್ಯಾಲಯದಲ್ಲಿ ಮಸೀದಿ, ಪಾಠದ ಸಭಾಂಗಣಗಳು, ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ವಸತಿ, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಇದ್ದವು. ಧರ್ಮಶಾಸ್ತ್ರದೊಂದಿಗೆ ಗಣಿತವನ್ನೂ ಖಗೋಳವನ್ನೂ ಇಲ್ಲಿ ಕಲಿಸುತ್ತಿದ್ದರೆಂದು ಹೇಳುತ್ತಾರೆ. "ಆ ಪುಸ್ತಕಗಳೆಲ್ಲ ಈಗ ಎಲ್ಲಿವೆ?" ಎಂಬುದು ಮಗಳ ಎರಡನೆಯ ಪ್ರಶ್ನೆ. ನಮ್ಮಲ್ಲಿ ಉತ್ತರವಿರಲಿಲ್ಲ.

ಇದನ್ನು ಕಟ್ಟಿಸಿದ ಖ್ವಾಜಾ ಮಹಮೂದ್ ಗವಾನ್ ಪರ್ಷಿಯಾದ ಗೀಲಾನ್ ಪ್ರಾಂತದವರು. 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರಿಗೆ ಬಂದವರು ಇಲ್ಲಿಯೇ ನೆಲೆ ನಿಂತು, ಒಬ್ಬರ ಹಿಂದೊಬ್ಬರಂತೆ ಬಂದ ಸುಲ್ತಾನರ ಸೇವೆ ಮಾಡುತ್ತಾ ಮಹಾಮಂತ್ರಿಯ ಪದವಿಗೇರಿದರು. ಮಲಿಕುತ್ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬುದು ಅವರ ಬಿರುದು. ಆ ಕಾಲದಲ್ಲಿ ಬೀದರನ್ನು ಕಂಡ ರಷ್ಯಾದ ಪ್ರವಾಸಿ ಅಫನಾಸಿ ನಿಕಿತಿನ್ ತನ್ನ ಬರಹದಲ್ಲಿ ಈ ಬಿರುದಿನಿಂದಲೇ ಅವರನ್ನು ಸ್ಮರಿಸುತ್ತಾನೆ. ಸರದಾರರ ಸಿರಿಯನ್ನೂ ಹಳ್ಳಿಗರ ಬಡತನವನ್ನೂ ಅವನು ಒಟ್ಟಿಗೆ ದಾಖಲಿಸಿದ್ದಾನೆ. ಗತವೈಭವವನ್ನು ಹೊಗಳುವಾಗ ನಾವು ಮರೆಯುವ ಭಾಗವದು.

ಗವಾನರು ಸೇನೆಯನ್ನೂ ನಡೆಸಿದರು, ರಾಜ್ಯವನ್ನೂ ವಿಸ್ತರಿಸಿದರು. ಆದರೆ ಅವರ ಮನಸ್ಸು ಇದ್ದದ್ದು ಲೇಖನಿಯಲ್ಲಿ. ಹಿರಾತಿನ ಮಹಾಕವಿ ಜಾಮಿಯೊಂದಿಗೂ ದೂರದ ಉಸ್ಮಾನೀ ಸುಲ್ತಾನರೊಂದಿಗೂ ಅವರ ಪತ್ರವ್ಯವಹಾರವಿತ್ತು. ಅವರ ಪತ್ರಗಳ ಸಂಗ್ರಹ 'ರಿಯಾಝುಲ್ ಇನ್‌ಶಾ' ಇಂದಿಗೂ ಉಳಿದಿದೆ. ಪತ್ರ ಬರೆಯುವ ಕಲೆಯ ಕುರಿತೇ 'ಮನಾಝಿರುಲ್ ಇನ್‌ಶಾ' ಎಂಬ ಕೃತಿಯನ್ನೂ ರಚಿಸಿದರು.

ಅಂತಹವರ ಪ್ರಾಣವನ್ನು ತೆಗೆದದ್ದೂ ಒಂದು ಪತ್ರವೇ.

ಬಹಮನಿ ಆಸ್ಥಾನ ಆಗ ಎರಡಾಗಿ ಒಡೆದಿತ್ತು. ಈ ನೆಲದಲ್ಲೇ ಬೆಳೆದ ದಖನಿಗಳು ಒಂದು ಕಡೆ, ಪರ್ಷಿಯಾ ಮೊದಲಾದ ಕಡೆಗಳಿಂದ ಬಂದ ಆಫಾಕಿಗಳು ಇನ್ನೊಂದು ಕಡೆ. ಕಲಿಮ ಒಂದೇ, ಕಿಬ್ಲಾ ಒಂದೇ, ಆದರೂ ಹಗೆ ಮಾತ್ರ ಆರಲಿಲ್ಲ. ಗವಾನರು ಎರಡೂ ಪಕ್ಷಗಳಿಗೆ ಪದವಿಗಳನ್ನು ಹಂಚಿ ಸಮತೋಲನಕ್ಕೆ ಯತ್ನಿಸಿದರು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಜಿಸಿ ಪ್ರಾಂತಾಧಿಪತಿಗಳ ಬಲವನ್ನು ಕುಗ್ಗಿಸಿದರು. ಇದು ರಾಜ್ಯಕ್ಕೆ ಒಳಿತಾಯಿತು, ಅವರಿಗೆ ವೈರಿಗಳನ್ನು ತಂದಿತು. ಆ ವೈರಿಗಳು ಅವರ ಮುದ್ರಾಧಿಕಾರಿಯನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಮಾತುಗಳನ್ನು ಅದರಲ್ಲಿ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈಗಿತ್ತರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ವಿಚಾರಿಸುವ ಗೋಜಿಗೇ ಹೋಗಲಿಲ್ಲ. ಮೊಹರು ತನ್ನದು, ಪತ್ರ ತನ್ನದಲ್ಲ ಎಂದು ಎಪ್ಪತ್ತರ ಆ ವೃದ್ಧ ಹೇಳಿದರೂ ಕೇಳುವವರಿರಲಿಲ್ಲ. 1481ರ ಏಪ್ರಿಲ್‌ನಲ್ಲಿ ಅವರ ಶಿರಚ್ಛೇದವಾಯಿತು.

ತಂದ ಸುದ್ದಿಯನ್ನು ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಪಶ್ಚಾತ್ತಾಪಪಡುವಿರಿ ಎಂಬ ಆದೇಶ ಸೂರಃ ಹುಜುರಾತ್‌ನಲ್ಲಿದೆ. ಅದನ್ನು ಓದಿದವರಿಂದಲೇ ತುಂಬಿದ್ದ ಆಸ್ಥಾನವದು. ಮಂತ್ರಿಯ ಅಪಾರ ಸಂಪತ್ತು ಸಿಗುವುದೆಂದು ಕಾದಿದ್ದ ಸುಲ್ತಾನನಿಗೆ ಖಜಾನೆಯಲ್ಲಿ ಸಿಕ್ಕಿದ್ದು ಅತ್ಯಲ್ಪ. ಗಳಿಕೆಯ ಬಹುಪಾಲು ಬಡವರಿಗೆ ಹೋಗುತ್ತಿತ್ತೆಂದು ಆಗ ತಿಳಿಯಿತು. ಮರುವರ್ಷವೇ ಅವನೂ ತೀರಿಕೊಂಡ. ಕೆಲವು ದಶಕಗಳಲ್ಲಿ ರಾಜ್ಯ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೇರಾರ್, ಬೀದರ್ ಎಂದು ಐದು ತುಂಡಾಯಿತು. ಮದರಸಾ ಮಾತ್ರ ನಿಂತೇ ಇತ್ತು. 1696ರಲ್ಲಿ, ಮೊಘಲರ ಆಳ್ವಿಕೆಯಲ್ಲಿ, ಸಿಡಿಲು ಬಡಿದು ಅದರ ಮುಂಭಾಗದ ಒಂದು ಪಾರ್ಶ್ವ ಉರುಳಿತು. ಒಳಗೆ ಶೇಖರಿಸಿದ್ದ ಸಿಡಿಮದ್ದು ಸ್ಫೋಟಿಸಿತೆಂಬ ಮಾತೂ ಇದೆ. ಪುಸ್ತಕಗಳ ಮನೆಗೆ ಸಿಡಿಮದ್ದನ್ನು ತಂದಿಟ್ಟವರು ಹೊರಗಿನ ಶತ್ರುಗಳೇನೂ ಅಲ್ಲ!

ಸಂಜೆ ಅಷ್ಟೂರಿಗೆ ಹೋದೆವು. ಹೊಲಗಳ ನಡುವೆ ಸಾಲಾಗಿ ಬಹಮನಿ ಸುಲ್ತಾನರ ಗುಂಬಜ್‌ಗಳು. ಅಹ್ಮದ್ ಶಾಹ್ ವಲಿಯ ಗೋರಿಯ ಒಳಗೋಡೆಯ ಬಣ್ಣಗಳು ಇನ್ನೂ ಮಾಸಿಲ್ಲ. ಹಿಂದೂ ಬಾಂಧವರು ಅವರನ್ನು ಅಲ್ಲಮ ಪ್ರಭುವಿನ ರೂಪವೆಂದು ಗೌರವಿಸುತ್ತಾರೆ. ವಾರ್ಷಿಕ ಉರೂಸಿಗೆ ಕಲಬುರಗಿ ಜಿಲ್ಲೆಯಿಂದ ಜಂಗಮರೊಬ್ಬರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಉರೂಸಿನ ಆಚರಣೆಗಳ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ. ಆದರೆ ಆರು ಶತಮಾನಗಳ ನೆರೆಹೊರೆಯ ಈ ಪ್ರೀತಿಯನ್ನು ಹಗುರವಾಗಿ ಕಾಣಲು ಮನಸ್ಸು ಬರಲಿಲ್ಲ. ಅದೇ ಸಾಲಿನಲ್ಲಿ 'ಝಾಲಿಮ್' ಎಂದು ಕುಖ್ಯಾತನಾದ ಹುಮಾಯೂನ್ ಶಾಹನ ಗೋರಿಯೂ ಇದೆ. ಅದರ ಗುಂಬಜ್ ಸಿಡಿಲಿಗೆ ಸೀಳಿ ಆಕಾಶಕ್ಕೆ ಬಾಯಿ ತೆರೆದಿದೆ.

ಆ ಸಾಲಿನಲ್ಲಿ ಗವಾನರಿಲ್ಲ. ಅವರ ಗೋರಿ ಊರ ಹೊರಗೆ ಬೇರೆ ಕಡೆಯಿದೆ, ಮೇಲೆ ಗುಂಬಜ್ ಇಲ್ಲ. ದಾರಿ ಕೇಳಿ ಕೇಳಿ ತಲುಪುವಷ್ಟರಲ್ಲಿ ಮಗ್ರಿಬ್ ಸಮೀಪಿಸಿತ್ತು. ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಸಲಾಂ ಹೇಳಿ ದುಆ ಮಾಡಿದೆವು. ಮಗಳು ಮಿನಾರಿನ ಚಿತ್ರ ಬರೆದುಕೊಂಡಿದ್ದ ಪುಸ್ತಕದಲ್ಲಿ ಅವರ ಹೆಸರನ್ನೂ ಬರೆದುಕೊಂಡಳು, ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ.