ಗಾಳಿಯ ತೂಕದಲ್ಲಿ ಅಡಗಿದ್ದ ಮೂಲವಸ್ತು

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಅದೇ ಪಾತ್ರೆಯಲ್ಲಿ ಕಡಲೆಕಾಯಿ ಎಣ್ಣೆ ತುಂಬಿದರೆ ತೂಕ ಸುಮಾರು 910 ಗ್ರಾಂ. ಪಾದರಸ ತುಂಬಿದರೆ 13.6 ಕಿಲೋಗ್ರಾಂ. ಅಷ್ಟೇ ಗಾತ್ರದ ಕಬ್ಬಿಣ 7.9 ಕಿಲೋಗ್ರಾಂ ತೂಗಿದರೆ ಚಿನ್ನ 19.3 ಕಿಲೋಗ್ರಾಂ ತೂಗುತ್ತದೆ. ಗಾಳಿಯಾದರೋ ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ ಕೇವಲ 1.29 ಗ್ರಾಂ. ಒಂದೇ ಗಾತ್ರದ ವಸ್ತುಗಳ ತೂಕದಲ್ಲಿ ಕಾಣುವ ಈ ಭೇದವನ್ನೇ ಸಾಂದ್ರತೆ ಎನ್ನುತ್ತೇವೆ. ಘನ ಮತ್ತು ದ್ರವ ವಸ್ತುಗಳಲ್ಲಿ ಇದನ್ನು ಅಳೆಯುವುದು ಸುಲಭ. ಅನಿಲಗಳಲ್ಲಿ ಬಲು ಕಷ್ಟ. ಆ ಕಷ್ಟವನ್ನು ಮೈಮೇಲೆ ಎಳೆದುಕೊಂಡವನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ.

ಮೂಲವಸ್ತುಗಳ ಪರಮಾಣು ತೂಕಗಳೆಲ್ಲ ಜಲಜನಕದ ತೂಕದ ಪೂರ್ಣ ಗುಣಕಗಳೇ ಎಂಬ ಹಳೆಯ ಊಹೆಯನ್ನು ಪರೀಕ್ಷಿಸುವುದು ರೇಲಿಯ ಮೊದಲ ಉದ್ದೇಶವಾಗಿತ್ತು. ದೊಡ್ಡ ಗಾಜಿನ ಗೋಳವನ್ನು ಬರಿದು ಮಾಡಿ ತೂಗುವುದು, ಮಂಜುಗಡ್ಡೆಯ ನಡುವೆ ಇಟ್ಟು ಅನಿಲ ತುಂಬಿ ಮತ್ತೆ ತೂಗುವುದು, ಇದು ಅವನ ಕ್ರಮ. ಬರಿದಾದ ಗೋಳ ಹೊರಗಿನ ಗಾಳಿಯ ಒತ್ತಡದಿಂದ ಕಿಂಚಿತ್ತು ಕುಗ್ಗುತ್ತದೆಂಬುದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ.

ಸಾರಜನಕದ ಸರದಿ ಬಂದಾಗ ತೊಡಕು ಎದುರಾಯಿತು. ಗಾಳಿಯಿಂದ ಆಮ್ಲಜನಕವನ್ನು ತೆಗೆದು ಪಡೆದ ಸಾರಜನಕವು, ಅಮೋನಿಯಾದ ನೆರವಿನಿಂದ ಪಡೆದ ಸಾರಜನಕಕ್ಕಿಂತ ಸಾವಿರದಲ್ಲಿ ಒಂದು ಪಾಲು ಹೆಚ್ಚು ತೂಗಿತು. ಈ ಒಗಟನ್ನು ಬಿಡಿಸಲು ನೆರವಾಗಿರೆಂದು ರೇಲಿ 1892ರಲ್ಲಿ 'ನೇಚರ್' ಪತ್ರಿಕೆಯ ಮೂಲಕ ರಸಾಯನಜ್ಞರನ್ನು ಕೇಳಿಕೊಂಡ. ಅಷ್ಟಕ್ಕೇ ನಿಲ್ಲದೆ, ಆ ವ್ಯತ್ಯಾಸವನ್ನು ಹಿಗ್ಗಿಸಿ ನೋಡಲು ಹೊರಟ. ಅಮೋನಿಯಾ ವಿಧಾನದಲ್ಲಿ ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಬಳಸಿದಾಗ, ಅಂತರ ಇನ್ನೂರರಲ್ಲಿ ಒಂದು ಪಾಲಿಗೆ ಏರಿತು. ಗೋಳದಲ್ಲಿ ಗಾಳಿಯ ಸಾರಜನಕ ಸುಮಾರು 2.310 ಗ್ರಾಂ, ರಾಸಾಯನಿಕ ಸಾರಜನಕ 2.299 ಗ್ರಾಂ. ಹನ್ನೊಂದು ಮಿಲಿಗ್ರಾಂ ಎಲ್ಲಿಂದ ಬಂತು?

ಗಾಳಿಯ ಸಾರಜನಕದಲ್ಲಿ ಇನ್ನೊಂದು ಭಾರವಾದ ಅನಿಲ ಬೆರೆತಿರಬೇಕು. ಇದರ ಸುಳಿವು 1785ರಲ್ಲಿಯೇ ಹೆನ್ರಿ ಕ್ಯಾವೆಂಡಿಶ್‌ಗೆ ಸಿಕ್ಕಿತ್ತು. ವಿದ್ಯುತ್ ಕಿಡಿಗಳಿಂದ ಸಾರಜನಕವನ್ನು ಆಮ್ಲಜನಕದೊಡನೆ ಕೂಡಿಸಿ ಹೀರಿಸಿದಾಗ, ಏನು ಮಾಡಿದರೂ ಕರಗದ ಒಂದು ಪುಟ್ಟ ಗುಳ್ಳೆ ಉಳಿದಿತ್ತು. ಅದು ಮೊದಲಿದ್ದ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಅವನು ಬರೆದಿಟ್ಟ. ನೂರು ವರ್ಷ ಯಾರೂ ಅದರ ಬೆನ್ನು ಹತ್ತಲಿಲ್ಲ.

ರೇಲಿ ಅದೇ ಕಿಡಿಯ ಪ್ರಯೋಗವನ್ನು ಮತ್ತೆ ಮಾಡಿದ. ವಿಲಿಯಂ ರ‍್ಯಾಮ್ಸೆ ಕಾದ ಮೆಗ್ನೀಸಿಯಂ ಮೇಲೆ ಅನಿಲವನ್ನು ಹಾಯಿಸಿ ಸಾರಜನಕವನ್ನೆಲ್ಲ ಹೀರಿಸಿದ. ಇಬ್ಬರಿಗೂ ಉಳಿದದ್ದು ಒಂದೇ ಅನಿಲ. ಜಲಜನಕದ ಹದಿನಾಲ್ಕು ಪಟ್ಟು ತೂಗುವ ಸಾರಜನಕಕ್ಕೆ ಪ್ರತಿಯಾಗಿ ಇದು ಸುಮಾರು ಇಪ್ಪತ್ತು ಪಟ್ಟು ತೂಗುತ್ತಿತ್ತು. ರೋಹಿತದರ್ಶಕದಲ್ಲಿ ಅದುವರೆಗೆ ಕಾಣದ ಗೆರೆಗಳು ಕಂಡವು. 1894ರ ಆಗಸ್ಟಿನಲ್ಲಿ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಅವರು ಇದನ್ನು ಪ್ರಕಟಿಸಿದರು. ಯಾವುದರೊಡನೆಯೂ ಕೂಡದ ಈ ಅನಿಲಕ್ಕೆ 'ಸೋಮಾರಿ' ಎಂಬರ್ಥದ ಗ್ರೀಕ್ ಪದದಿಂದ ಆರ್ಗಾನ್ ಎಂಬ ಹೆಸರಾಯಿತು. ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಒಂದು ಹೊಸ ಗುಂಪಿಗೇ ಇದು ದಾರಿ ತೆರೆಯಿತು. 1904ರಲ್ಲಿ ರೇಲಿಗೆ ಭೌತವಿಜ್ಞಾನದ, ರ‍್ಯಾಮ್ಸೆಗೆ ರಸಾಯನವಿಜ್ಞಾನದ ನೊಬೆಲ್ ಪುರಸ್ಕಾರ ಸಂದಿತು.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ ಒಂದು ಪಾಲು ಆರ್ಗಾನ್ ಇದೆ. ಇಂದು ವೆಲ್ಡಿಂಗ್ ಅಂಗಡಿಗಳಲ್ಲಿ ಕಾದ ಲೋಹಕ್ಕೆ ಗಾಳಿ ತಾಗದಂತೆ ಕಾಯುವುದೂ ಅದೇ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಇಷ್ಟು ಕಾಲ ಎಲ್ಲರ ಸುತ್ತಲೂ ಇತ್ತು. ಹನ್ನೊಂದು ಮಿಲಿಗ್ರಾಮನ್ನು ತಕ್ಕಡಿಯ ದೋಷವೆಂದು ತಳ್ಳಿಹಾಕದ ಒಬ್ಬನ ತಾಳ್ಮೆಯಿಂದ ಅದು ಲೋಕಕ್ಕೆ ಪರಿಚಯವಾಯಿತು.